ಸರ್ಕಾರಿ ಕಟ್ಟಡದ ಬೀಗದಕೈ ನನ್ನ ಕೈಗೆ ಬಂದಿದೆ, ಮೊದಲು ಏನು ನೋಡಬೇಕು?

ಬೀಗದಕೈ
ಎಲ್ಲರಿಗೂ ನಮಸ್ಕಾರ. ನಾನು ಎಂಜಿನಿಯರ್ ಅಲ್ಲ, ಕಚೇರಿಯಲ್ಲಿ ಕಡತ ನೋಡುವ ಕೆಲಸ. ಹೋದ ತಿಂಗಳು ಒಬ್ಬರು ನಿವೃತ್ತರಾದರು. ಅವರ ಹತ್ತಿರ ಇದ್ದ ಕಟ್ಟಡದ ಉಸ್ತುವಾರಿ ನನ್ನ ತಲೆಗೆ ಬಂತು. ಅಧಿಕಾರ ವಹಿಸಿಕೊಂಡೆ ಅಂದರೆ ಏನು ಸಿಕ್ಕಿತು ಗೊತ್ತಾ? ಒಂದು ಬೀಗದಕೈ ಗೊಂಚಲು, ಒಂದು ಹಳೆಯ ಡೈರಿ. ಗೊಂಚಲಲ್ಲಿ 41 ಬೀಗದಕೈ ಇವೆ. 26ಕ್ಕೆ ಬಾಗಿಲು ಸಿಕ್ಕಿತು. ಉಳಿದ 15 ಯಾವುದರದ್ದು ಅಂತ ಯಾರಿಗೂ ಗೊತ್ತಿಲ್ಲ.

ಮೂರು ಅಂತಸ್ತಿನ ಕಟ್ಟಡ. ನಲವತ್ತು ವರ್ಷ ಆಗಿರಬಹುದು. ಮೇಲಿನ ಮಹಡಿಯ ದಾಖಲೆ ಕೋಣೆ ಸೋರುತ್ತದೆ. ಎಷ್ಟು ವರ್ಷದಿಂದ ಅಂದರೆ, ದಾಸ್ತಾನು ಪುಸ್ತಕದಲ್ಲಿ "ಸೋರಿಕೆ ಬಕೆಟ್ – 3" ಅಂತ ನಮೂದು ಇದೆ! ಈಗ ಕೈಯಲ್ಲಿ ಸ್ವಲ್ಪ ಹಣ ಇದೆ. ಮೇಲಧಿಕಾರಿಗಳು ಬರುತ್ತಾರೆ, ಬಣ್ಣ ಹೊಡೆಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ಮೊದಲು ಏನು ಮಾಡಲಿ?

ತಾರಸಿತಾತ
ಬಣ್ಣ ಆಮೇಲೆ ಸಾರ್. ಒದ್ದೆ ಗೋಡೆಗೆ ಬಣ್ಣ ಹೊಡೆದರೆ ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದು ಉದುರುತ್ತದೆ.

ಮಳೆ ಬರುವಾಗ ಕೊಡೆ ಹಿಡಿದು ತಾರಸಿಗೆ ಹತ್ತಿ. ಬಿಸಿಲಲ್ಲಿ ಹತ್ತಿದರೆ ಬರೀ ಬಿರುಕು ಕಾಣುತ್ತದೆ. ಮಳೆಯಲ್ಲಿ ನೀರು ಯಾವ ಕಡೆ ಹೋಗುತ್ತಿದೆ ಅನ್ನೋದು ಕಾಣುತ್ತದೆ. ನಾನು ಮೂರು ದಶಕ ಇದೇ ಕೆಲಸ ಮಾಡಿ ನಿವೃತ್ತನಾದವನು. ನಾನು ನೋಡಿದ ಸೋರಿಕೆಗಳಲ್ಲಿ ಜಾಸ್ತಿ ಪಾಲು ತಾರಸಿ ಒಡೆದು ಆದದ್ದಲ್ಲ, ನೀರು ಇಳಿಯುವ ಕೊಳವೆಯ ಬಾಯಿ ಕಟ್ಟಿಕೊಂಡು ಆದದ್ದು. ಎಲೆ, ಹಕ್ಕಿ ಗೂಡು, ಪ್ಲಾಸ್ಟಿಕ್ ಚೀಲ, ಒಂದು ಸಲ ಆಟದ ಚೆಂಡು. 10 ಸೆಂಟಿಮೀಟರ್ ನೀರು ನಿಂತರೆ ಚದರ ಮೀಟರಿಗೆ 100 ಕಿಲೋ ಭಾರ. ಹರಿದು ಹೋಗುವ ನೀರಿಗೆ ಅವಸರ, ನಿಂತ ನೀರಿಗೆ ಬಿಡುವು. ಎಲ್ಲಿ ಸಂದು ಇದೆಯೋ ಹುಡುಕಿ ಇಳಿಯುತ್ತದೆ.

ಕೆಳಗೆ ಹನಿ ಬೀಳುವ ಜಾಗದ ನೇರ ಮೇಲೆಯೇ ತೂತು ಇದೆ ಅಂದುಕೊಳ್ಳಬೇಡಿ. ನೀರು ಬಿರುಕು ಹಿಡಿದು, ವೈರಿನ ಪೈಪಿನೊಳಗೆ ನುಗ್ಗಿ, ಮೀಟರುಗಟ್ಟಲೆ ದೂರ ಬಂದು ತೊಟ್ಟಿಕ್ಕುತ್ತದೆ. ಮೊದಲು ಬಾಯಿಗಳನ್ನೆಲ್ಲ ಬಿಡಿಸಿ. ಆಮೇಲೂ ಸೋರಿದರೆ ಒಂದೊಂದೇ ಭಾಗಕ್ಕೆ ಸಣ್ಣ ಕಟ್ಟೆ ಕಟ್ಟಿ, ತೆಳ್ಳಗೆ ನೀರು ನಿಲ್ಲಿಸಿ, ಒಂದೆರಡು ದಿನ ಬಿಟ್ಟು ನೋಡಿ.

ಬೀಗದಕೈ
ಸಾರ್ ಅಲ್ಲ, ಮೇಡಂ :) ನಾಳೆಯೇ ಹತ್ತುತ್ತೇನೆ. ತಾರಸಿಯ ಬಾಗಿಲಿನ ಬೀಗದಕೈ ಆ 26ರಲ್ಲಿ ಇದೆ, ಪುಣ್ಯ.

ಗಾರೆಕೈ
ನಾನು ಗುತ್ತಿಗೆ ಕಡೆಯವನು, ಹಾಗಾಗಿ ಬೈಗುಳ ತಿನ್ನುವ ಪಾಳಿ ನಮ್ಮದೇ. ಆದರೂ ಒಂದು ಮಾತು. ಸೋರಿದಾಗಲೆಲ್ಲ "ಮೇಲೊಂದು ಪದರ ಹಾಕಿಬಿಡಿ" ಅಂತಾರೆ. ಒಂದು ಕಚೇರಿಯ ತಾರಸಿ ಅಗೆದಾಗ ನನಗೆ ನಾಲ್ಕು ಪದರ ಸಿಕ್ಕಿದವು. ಒಂದರ ಮೇಲೊಂದು, ನಾಲ್ಕು ಬೇರೆ ಬೇರೆ ಕಾಲದ್ದು. 5 ಸೆಂಟಿಮೀಟರ್ ಕಾಂಕ್ರೀಟ್ ಪದರ ಅಂದರೆ ಚದರ ಮೀಟರಿಗೆ ಸುಮಾರು 120 ಕಿಲೋ. ನಾಲ್ಕು ಪದರ ಅಂದರೆ ಲೆಕ್ಕ ಹಾಕಿಕೊಳ್ಳಿ. ತಾರಸಿ ಮೇಲೆ ಯಾರೂ ನೋಡದ ಇನ್ನೊಂದು ತಾರಸಿ ಕೂತ ಹಾಗೆ.

ಹಳೆಯದನ್ನು ಯಾಕೆ ತೆಗೆಯಲಿಲ್ಲ ಅಂತ ಕೇಳಿದಿರಾ? ಟೆಂಡರಿನಲ್ಲಿ ಬರೆದಿರುವುದಿಲ್ಲ. ಬರೆಯದ ಕೆಲಸಕ್ಕೆ ಬಿಲ್ ಆಗುವುದಿಲ್ಲ. ಹಳೆ ಪದರ ಅಗೆಯುವುದು, ಕೆಳಗೆ ಇಳಿಸುವುದು, ಸಾಗಿಸುವುದು, ಮೂರನ್ನೂ ಬೇರೆ ಬೇರೆ ಬರೆಯಿಸಿ ಮೇಡಂ. ಇಲ್ಲದಿದ್ದರೆ ನಮ್ಮಂಥವರು ಐದನೇ ಪದರ ಹಾಕಿ ಹೋಗುತ್ತೇವೆ.

ಬರೀಪ್ರಶ್ನೆ
ನಲವತ್ತು ವರ್ಷದ ಕಟ್ಟಡಕ್ಕೆ ಇಷ್ಟೆಲ್ಲ ಯಾಕೆ? ಕೆಡವಿ ಹೊಸದು ಕಟ್ಟಲಿ. ರಿಪೇರಿ ಹೆಸರಲ್ಲಿ ವರ್ಷಾ ವರ್ಷಾ ಹಣ ಸುರಿಯೋದು ಸುಮ್ನೆ ದಂಡ.

ಕಂಬಿಸಿಮೆಂಟು
ನಲವತ್ತು ಒಂದು ವಯಸ್ಸೇ ಅಲ್ಲ. ಕಾಂಕ್ರೀಟ್ ಕಟ್ಟಡ ಸಾಯುವುದು ವಯಸ್ಸಿನಿಂದಲ್ಲ, ಒಳಗಿನ ಕಂಬಿ ತುಕ್ಕು ಹಿಡಿಯುವುದರಿಂದ. ಹೊಸ ಕಾಂಕ್ರೀಟಿನ ಪಿಎಚ್, ಅಂದರೆ ಕ್ಷಾರದ ಅಳತೆ, 12ಕ್ಕಿಂತ ಜಾಸ್ತಿ. ಅಷ್ಟು ಕ್ಷಾರ ಇರುವಾಗ ಕಂಬಿಗೆ ತುಕ್ಕು ಹತ್ತುವುದಿಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್ ನಿಧಾನಕ್ಕೆ ಒಳಗೆ ಹೋಗಿ ಆ ಕ್ಷಾರವನ್ನು ಕರಗಿಸುತ್ತಾ ಬರುತ್ತದೆ. ಪಿಎಚ್ 9ರ ಹತ್ತಿರ ಇಳಿದ ಜಾಗದಲ್ಲಿ ತೇವ ಸಿಕ್ಕಿತೋ, ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಜಾಗ ಬೇಕು. ಒಳಗಿಂದ ತಳ್ಳಿ ಮೇಲಿನ ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ.

ಇದನ್ನು ನೋಡಲು ದೊಡ್ಡ ಯಂತ್ರ ಬೇಡ. ಸಣ್ಣ ಸುತ್ತಿಗೆಯಲ್ಲಿ ಚಾವಣಿ ತಟ್ಟಿ. ಗಟ್ಟಿ ಇದ್ದರೆ ಟಣ್ ಅನ್ನುತ್ತದೆ, ಬಿಟ್ಟುಕೊಂಡಿದ್ದರೆ ಡಬ್ ಅನ್ನುತ್ತದೆ. ಆಗಷ್ಟೇ ಒಡೆದ ಮುಖಕ್ಕೆ ಫಿನಾಲ್ಫ್‌ಥಲೀನ್ ಅನ್ನುವ ರಾಸಾಯನಿಕದ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿ ಆಗುತ್ತದೆ, ಹೋದ ಭಾಗ ಬಣ್ಣ ಕಟ್ಟುವುದಿಲ್ಲ. ಬಣ್ಣವಿಲ್ಲದ ಪಟ್ಟಿ ಕಂಬಿಯವರೆಗೆ ಬಂದಿದೆಯಾ, ಇನ್ನೂ ದೂರ ಇದೆಯಾ, ಅಳೆದರೆ ಸಾಕು. ಕೆಡವುವ ಮಾತು ಅದಾದ ಮೇಲೆ.

ಹಾಗಂತ ಎಲ್ಲ ಕಟ್ಟಡವನ್ನೂ ಉಳಿಸಬಹುದು ಅಂತ ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ 1950ರ ದಶಕದಿಂದ ಶಾಲೆ, ಆಸ್ಪತ್ರೆಗಳ ಚಾವಣಿಗೆ ರಾಕ್ (RAAC) ಅನ್ನುವ, ಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಹಲಗೆ ಬಳಸಿದರು. 2018ರಲ್ಲಿ ಒಂದು ಪ್ರಾಥಮಿಕ ಶಾಲೆಯ ಚಾವಣಿ ಕುಸಿಯಿತು. ವಾರಾಂತ್ಯದ ರಜೆ ಇತ್ತು, ಮಕ್ಕಳು ಇರಲಿಲ್ಲ. 2023ರ ಆಗಸ್ಟ್ ಕೊನೆಯಲ್ಲಿ, ಶಾಲೆ ಶುರುವಾಗಲು ಕೆಲವೇ ದಿನ ಇರುವಾಗ, ಇಂಗ್ಲೆಂಡಿನ ನೂರಕ್ಕೂ ಜಾಸ್ತಿ ಶಾಲೆಗಳಿಗೆ ಕಟ್ಟಡ ಅಥವಾ ಅದರ ಭಾಗ ಮುಚ್ಚಿ ಅಂತ ಹೇಳಬೇಕಾಯಿತು. ಹಾಗಾಗಿ ಕಟ್ಟಡಕ್ಕೆ ಎಷ್ಟು ವರ್ಷ ಅಂತ ಕೇಳುವ ಮೊದಲು ಯಾವುದರಿಂದ ಕಟ್ಟಿದ್ದಾರೆ ಅಂತ ಕೇಳಿ.

ಮೇಡಂ, ದಾಖಲೆ ಕೋಣೆ ಮೇಲಿನ ಮಹಡಿಯಲ್ಲಿದೆ ಅಂದಿರಿ. ಅದು ಮೊದಲಿನಿಂದಲೂ ದಾಖಲೆ ಕೋಣೆಯೇ?

ಬೀಗದಕೈ
ಇಲ್ಲ. ಮುಂಚೆ ಅದು ಸಭೆ ನಡೆಸುವ ಹಾಲ್ ಅಂತೆ. ಈಗ ನೆಲದಿಂದ ತಲೆ ಎತ್ತರದವರೆಗೂ ಕಟ್ಟುಗಳು.

ಕಂಬಿಸಿಮೆಂಟು
ಹಾಗಾದರೆ ಸೋರಿಕೆಗಿಂತ ಮೊದಲು ಅದನ್ನು ನೋಡಿ. ಸಾಮಾನ್ಯ ಕಚೇರಿ ನೆಲವನ್ನು ಚದರ ಮೀಟರಿಗೆ 250ರಿಂದ 400 ಕಿಲೋ ಹೊರುವ ಹಾಗೆ ಲೆಕ್ಕ ಹಾಕಿರುತ್ತಾರೆ. ಒತ್ತಾಗಿ ಜೋಡಿಸಿದ ಕಾಗದ ಒಂದು ಘನ ಮೀಟರಿಗೆ 700 ಕಿಲೋ ಆಸುಪಾಸು ತೂಗುತ್ತದೆ. ಎರಡು ಮೀಟರ್ ಎತ್ತರ ಪೇರಿಸಿದರೆ ಒಂದು ಟನ್ ದಾಟಿತು. ಒದ್ದೆಯಾದರೆ ಇನ್ನೂ ಭಾರ. ಕೆಳಗಿನ ಕೋಣೆಯಲ್ಲಿ ನಿಂತು ತೊಲೆಯ ನಡುಮಧ್ಯೆ ಕೆಳಭಾಗದಲ್ಲಿ ಮೇಲಿಂದ ಕೆಳಕ್ಕೆ ನೇರವಾದ ಬಿರುಕು ಇದೆಯಾ ನೋಡಿ. ಕಂಬದ ಹತ್ತಿರ ಓರೆ ಬಿರುಕು ಇದ್ದರೆ ಅದು ಇನ್ನೂ ಕೆಟ್ಟದ್ದು. ಅಂಥದ್ದು ಕಂಡರೆ ಅದೇ ದಿನ ಆ ಕೋಣೆ ಖಾಲಿ ಮಾಡಿಸಿ, ಮೇಲಕ್ಕೆ ಲಿಖಿತವಾಗಿ ತಿಳಿಸಿ. ಬಾಯಿ ಮಾತಲ್ಲಿ ಬೇಡ.

ಬೀಗದಕೈ
ತೊಲೆಯಲ್ಲಿ ಕೂದಲೆಳೆಯಂಥ ಎರಡು ಬಿರುಕು ಇವೆ, ನಡುವಿನಲ್ಲಿ. ಓರೆಯದ್ದು ಯಾವುದೂ ಇಲ್ಲ. ಎಂಜಿನಿಯರಿಗೆ ಪತ್ರ ಹಾಕಿದ್ದೇನೆ. ಭಾರ ಇಳಿಸಲು ಹಳೆ ಕಡತಗಳನ್ನು ಸುಟ್ಟುಬಿಡೋಣ ಅಂತ ಕಚೇರಿಯಲ್ಲಿ ಒಬ್ಬರು ಸಲಹೆ ಕೊಟ್ಟರು.

ಲೆಕ್ಕದಪುಟ
ಅಯ್ಯೋ, ಬೇಡ! ಹಳೆ ಲೆಕ್ಕ ಸುಡಲು ಹೋಗಿ ಸಂಸತ್ತನ್ನೇ ಸುಟ್ಟುಕೊಂಡವರಿದ್ದಾರೆ. ಲಂಡನ್ನಿನಲ್ಲಿ ಒಂದು ಕಾಲಕ್ಕೆ ಸರ್ಕಾರದ ಲೆಕ್ಕವನ್ನು ಮರದ ಕೋಲುಗಳಲ್ಲಿ ಗೀರು ಹಾಕಿ ಇಡುತ್ತಿದ್ದರು. ಅವು ಉಪಯೋಗಕ್ಕೆ ಬಾರದೆ ರಾಶಿ ಬಿದ್ದಿದ್ದವು. 1834ರ ಅಕ್ಟೋಬರ್ 16ರಂದು ಹೌಸ್ ಆಫ್ ಲಾರ್ಡ್ಸ್ ಕೆಳಗಿನ ಒಲೆಗಳಿಗೆ ಬೆಳಗ್ಗೆಯಿಂದ ತುಂಬಿದರು. ಮಧ್ಯಾಹ್ನದ ಮೇಲೆ ಕಟ್ಟಡ ನೋಡಲು ಬಂದವರು ನೆಲ ಬಿಸಿಯಾಗಿದೆ, ಹೊಗೆ ಬರುತ್ತಿದೆ ಅಂತ ಹೇಳಿದರು. ಉಸ್ತುವಾರಿಯಾಕೆ ಸಂಜೆ ಬಾಗಿಲು ಹಾಕಿಕೊಂಡು ಹೊರಟರು. ರಾತ್ರಿಯೊಳಗೆ ಹಳೆಯ ಅರಮನೆಯ ಬಹುಭಾಗ ಬೂದಿ.

ನನಗೆ ಆ ಕಥೆಯಲ್ಲಿ ಕೋಲಿಗಿಂತ ಆ ಮಧ್ಯಾಹ್ನ ಜಾಸ್ತಿ ಕಾಡುತ್ತದೆ. ನೆಲ ಬಿಸಿ ಇದೆ ಅಂತ ಹೇಳಿದವರು ಇದ್ದರು. ಆದರೂ ಬೆಂಕಿ ತಪ್ಪಲಿಲ್ಲ.

ಕಡತ ವಿಲೇವಾರಿಗೆ ನಿಯಮ ಇರುತ್ತದೆ, ಅವಧಿ ಇರುತ್ತದೆ. ಪಟ್ಟಿ ಮಾಡಿ, ಒಪ್ಪಿಗೆ ಪಡೆದು ಕಳಿಸಿ. ಅಲ್ಲಿಯವರೆಗೆ ನೆಲಮಹಡಿಗೆ ಇಳಿಸಿ.

ಎಳೆತಂತಿ
ಬೆಂಕಿ ಮಾತು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ನಾನು ವಿದ್ಯುತ್ ಕೆಲಸದವನು. ಎಲ್ಲರೂ ತಾರಸಿ ನೋಡುತ್ತಾರೆ, ಸ್ವಿಚ್ ಬೋರ್ಡಿನ ಹಿಂದೆ ಯಾರೂ ನೋಡುವುದಿಲ್ಲ. ನಲವತ್ತು ವರ್ಷದ ಹಿಂದೆ ಆ ಕಟ್ಟಡಕ್ಕೆ ದೀಪ ಮತ್ತು ಫ್ಯಾನಿನ ಲೆಕ್ಕದಲ್ಲಿ ವೈರ್ ಎಳೆದಿರುತ್ತಾರೆ. ಆಮೇಲೆ ಕಂಪ್ಯೂಟರ್ ಬಂತು, ಏಸಿ ಬಂತು, ನೀರು ಕಾಯಿಸುವ ಕೆಟಲ್ ಬಂತು. ವೈರ್ ಅದೇ.

ಬ್ರೆಜಿಲ್‌ನ ರಿಯೋದಲ್ಲಿದ್ದ ರಾಷ್ಟ್ರೀಯ ವಸ್ತುಸಂಗ್ರಹಾಲಯ 2018ರ ಸೆಪ್ಟೆಂಬರ್ 2ರ ರಾತ್ರಿ ಉರಿದುಹೋಯಿತು. ಸರ್ಕಾರಿ ವಿಶ್ವವಿದ್ಯಾಲಯದ ಕೈಯಲ್ಲಿದ್ದ ಕಟ್ಟಡ. ಸುಮಾರು 2 ಕೋಟಿ ವಸ್ತುಗಳ ಸಂಗ್ರಹ, ಅದರಲ್ಲಿ ಬಹುಪಾಲು ಹೋಯಿತು. ಬೆಂಕಿ ಹತ್ತಿದ್ದು ಸಭಾಂಗಣದ ಏಸಿಯಿಂದ ಅಂತ ತನಿಖೆಯಲ್ಲಿ ಗೊತ್ತಾಯಿತು. ಅಗ್ನಿಶಾಮಕದವರು ಬಂದರೆ ಹತ್ತಿರದ ಹೈಡ್ರಂಟುಗಳಲ್ಲಿ, ಅಂದರೆ ಬೆಂಕಿ ಆರಿಸಲು ಇಟ್ಟ ನಲ್ಲಿಗಳಲ್ಲಿ, ಸಾಕಷ್ಟು ನೀರಿಲ್ಲ. ಅದಕ್ಕೆ ಮೊದಲು ವರ್ಷಗಟ್ಟಲೆ ನಿರ್ವಹಣೆಗೆ ಪೂರ್ತಿ ಹಣ ಬಂದಿರಲಿಲ್ಲ. ದುರಸ್ತಿಗೆ ದೊಡ್ಡ ಮೊತ್ತ ಒಪ್ಪಿಗೆಯಾಗಿತ್ತು, ಅದೇ ವರ್ಷದ ಜೂನ್‌ನಲ್ಲಿ! ಮೂರು ತಿಂಗಳು ತಡ.

ಮೇಡಂ, ಹಣ ಬೇಡದ ಕೆಲಸಗಳು: ಸಂಜೆ ಎಲ್ಲ ಉಪಕರಣ ಓಡುತ್ತಿರುವಾಗ ಪ್ಯಾನೆಲ್ ಹತ್ತಿರ ನಿಂತು ಮೂಗು, ಕಿವಿ ಬಳಸಿ. ಸುಟ್ಟ ವಾಸನೆ ಇದೆಯಾ, ಗುಂಯ್ ಅನ್ನುತ್ತಿದೆಯಾ? ಕೈ ಹಾಕಬೇಡಿ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದು ಎಕ್ಸ್‌ಟೆನ್ಷನ್ ಸಿಕ್ಕಿಸಿದ್ದನ್ನು ಕೀಳಿಸಿ. ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಮತ್ತೆ, ಹೊರಗೆ ಓಡುವ ಬಾಗಿಲಿಗೆ ಬೀಗ ಇದೆಯಾ? ನಿಮ್ಮ ಆ 15 ಬೀಗದಕೈಗಳಲ್ಲಿ ಒಂದು ಅದರದ್ದೇ ಆಗಿದ್ದರೆ ಅಂತ ನನಗೆ ನಿದ್ದೆ ಬರುತ್ತಿಲ್ಲ.

ಬೀಗದಕೈ
ನೋಡಿದೆ. ಹಿಂದಿನ ಮೆಟ್ಟಿಲಿನ ಬಾಗಿಲಿಗೆ ಬೀಗ ಇತ್ತು. ಗೊಂಚಲಿನ ಯಾವುದೂ ಹಿಡಿಯಲಿಲ್ಲ. ಬೀಗ ಒಡೆಸಿ, ಒಳಗಿಂದ ತೆಗೆಯುವ ಚಿಲಕ ಹಾಕಿಸಿದೆ. ಮೆಟ್ಟಿಲ ಮೇಲೆ ಮುರಿದ ಕುರ್ಚಿಗಳು ಗುಡ್ಡೆ ಬಿದ್ದಿದ್ದವು. ಅವನ್ನು ತೆಗೆಸಲು ಹೋದರೆ "ಹರಾಜು ಆಗುವವರೆಗೆ ಮುಟ್ಟಬಾರದು" ಅಂತ ಉತ್ತರ. ಸದ್ಯ ಅಂಗಳಕ್ಕೆ ಸಾಗಿಸಿದ್ದೇವೆ, ಎಣಿಸಿ, ಫೋಟೋ ತೆಗೆದು.

ಮೂರನೆಬೆಂಚು
ನಾನು ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ. ನಿಮ್ಮದೆಲ್ಲ ದೊಡ್ಡ ಮಾತು, ನಮ್ಮದು ನಲ್ಲಿ. ಒಂದು ನಲ್ಲಿ ಕೆಟ್ಟರೆ ಕಟ್ಟಡ ಒಬ್ಬರದು, ನೀರು ಇನ್ನೊಬ್ಬರದು, ಹಣ ಮೂರನೆಯವರದು. ಬಳಸುವ ನಮಗೆ ಕೈ ಹಾಕುವ ಹಕ್ಕಿಲ್ಲ. ನಲ್ಲಿಯ ವಾಷರ್ ಬದಲಿಸಲು ನಾನು ಬರೆದ ಪತ್ರಗಳ ಕಾಗದವೇ ವಾಷರಿಗಿಂತ ದುಬಾರಿ. ಕೊನೆಗೆ ನಾನೇ ಕೈಯಿಂದ ಹಾಕಿಸಿದೆ. ಲೆಕ್ಕ ತಪಾಸಣೆಗೆ ಬಂದವರು "ಅನುಮತಿ ಎಲ್ಲಿ" ಅಂದರು!

ನನ್ನ ಅಭಿಪ್ರಾಯ ಇಷ್ಟೇ. ಕಟ್ಟಡದಲ್ಲಿ ದಿನಾ ಇರುವವರ ಕೈಗೆ ಸಣ್ಣ ಮೊತ್ತ ಕೊಡಬೇಕು. ನಲ್ಲಿ, ಚಿಲಕ, ಬಲ್ಬು, ಗಾಜು, ಇವಕ್ಕೆ ಯಾರನ್ನೂ ಕೇಳಬಾರದು. ಬಿಲ್ ತೋರಿಸಿದರೆ ಸಾಕು.

ಇನ್ನೊಂದು ವಿಷಯ, ದೊಡ್ಡ ರಜೆ ಮುಗಿದ ಮೇಲೆ ನೀರಿನ ಬಗ್ಗೆ ಜಾಗ್ರತೆ. ನಿಂತ ಬೆಚ್ಚಗಿನ ನೀರಿನಲ್ಲಿ, 20ರಿಂದ 45 ಡಿಗ್ರಿ ಒಳಗೆ, ಲೀಜನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ನೀರಿನ ತುಂತುರು ಉಸಿರಿನ ಜೊತೆ ಒಳಗೆ ಹೋದರೆ ನ್ಯುಮೋನಿಯಾ ಬರಬಹುದು. ನಾವು ಶಾಲೆ ತೆರೆಯುವ ಮೊದಲು ಟ್ಯಾಂಕ್ ತೊಳೆಸಿ, ಎಲ್ಲ ನಲ್ಲಿಗಳನ್ನೂ ಬಿಟ್ಟು ಹಳೆ ನೀರು ಪೂರ್ತಿ ಹರಿಸುತ್ತೇವೆ.

ಲೆಕ್ಕದಪುಟ
ಮೇಡಂ, ಸಣ್ಣ ಮೊತ್ತದ ಮಾತು ಒಪ್ಪುತ್ತೇನೆ. ತಪಾಸಣೆ ಕಡೆ ಕೂತವನಾಗಿ ಹೇಳುತ್ತಿದ್ದೇನೆ, ನಲ್ಲಿಯಲ್ಲಿ ಯಾರೂ ಕೋಟ್ಯಧೀಶರಾಗಿಲ್ಲ.

ದೊಡ್ಡ ಹಣದ್ದು ಬೇರೆ ರೋಗ. ಹೊಸ ಕಟ್ಟಡಕ್ಕೆ ಉದ್ಘಾಟನೆಯ ಕಲ್ಲು ನೆಡುತ್ತಾರೆ. ಚರಂಡಿ ಬಾಯಿ ಬಿಡಿಸಿದ್ದಕ್ಕೆ ಯಾರ ಹೆಸರಿನ ಕಲ್ಲೂ ಇಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1990ರಲ್ಲೇ ಒಂದು ಅಳತೆ ಹೇಳಿತ್ತು. ಇರುವ ಸರ್ಕಾರಿ ಕಟ್ಟಡಗಳನ್ನು ಇವತ್ತು ಹೊಸದಾಗಿ ಕಟ್ಟಲು ಎಷ್ಟು ಬೇಕೋ ಅದರ ಶೇ. 2ರಿಂದ 4ರಷ್ಟನ್ನು ಪ್ರತಿವರ್ಷ ನಿರ್ವಹಣೆಗೆ ಇಡಬೇಕು ಅಂತ.

ಇನ್ನೊಂದು ಸುಲಭ ಲೆಕ್ಕ ಇದೆ. ಬಾಕಿ ಬಿದ್ದ ರಿಪೇರಿಯ ಒಟ್ಟು ವೆಚ್ಚವನ್ನು ಹೊಸದಾಗಿ ಕಟ್ಟುವ ವೆಚ್ಚದಿಂದ ಭಾಗಿಸಿ. ಶೇ. 5ರ ಒಳಗೆ ಬಂದರೆ ಕಟ್ಟಡ ಚೆನ್ನಾಗಿದೆ. 10 ದಾಟಿದರೆ ಹದಗೆಟ್ಟಿದೆ ಅಂತ ಅರ್ಥ. ಮೇಲಧಿಕಾರಿಗೆ "ತುಂಬಾ ಸೋರುತ್ತಿದೆ" ಅಂದರೆ ಮುಖ ತಿರುಗಿಸುತ್ತಾರೆ. ಈ ಒಂದು ಅಂಕಿ ಕೊಟ್ಟರೆ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ನೋಡಿದ್ದೇನೆ.

ಬರೀಪ್ರಶ್ನೆ
ಶೇ. 4 ಕೊಡುವ ಸರ್ಕಾರ ಎಲ್ಲಿದೆ ತೋರಿಸಿ.

ಲೆಕ್ಕದಪುಟ
ಹಣ ಇರುವವರೂ ಸರಿಯಾಗಿ ಕೊಡುತ್ತಿಲ್ಲ, ನಿಜ. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2025ರ ಜನವರಿಯಲ್ಲಿ ಹೇಳಿದ ಪ್ರಕಾರ ಅಲ್ಲಿನ ಸರ್ಕಾರಿ ಆಸ್ತಿಗಳಲ್ಲಿ ಬಾಕಿ ಇರುವ ನಿರ್ವಹಣೆ ಕನಿಷ್ಠ 4,900 ಕೋಟಿ ಪೌಂಡ್. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಕಟ್ಟಡ, ಜಾಗಗಳ ಉಸ್ತುವಾರಿ 2003ರಿಂದ ಅಲ್ಲಿನ ಲೆಕ್ಕಪರಿಶೋಧಕರ ಅಪಾಯದ ಪಟ್ಟಿಗೆ ಸೇರಿದೆ. ಹಾಗಾಗಿ ಇದು ಬರೀ ಬಡತನದ ಸಮಸ್ಯೆ ಅಲ್ಲ.

ನನ್ನ ಸಲಹೆ: ಅಂದಾಜು ಪಟ್ಟಿಗಳನ್ನು ಮೊದಲೇ ಸಿದ್ಧ ಮಾಡಿ ಕಪಾಟಿನಲ್ಲಿಟ್ಟಿರಿ. ವರ್ಷದ ಕೊನೆಯಲ್ಲಿ ಎಲ್ಲೋ ಖರ್ಚಾಗದ ಹಣ ದಿಢೀರ್ ಅಂತ ಬರುತ್ತದೆ. ಆಗ ಕಾಗದ ತಯಾರಿದ್ದವರಿಗೆ ತಾರಸಿ ಆಗುತ್ತದೆ, ಇಲ್ಲದವರಿಗೆ ಹೊಸ ಪರದೆ ಮತ್ತು ಸೋಫಾ.

ಕಂಬಿಸಿಮೆಂಟು
ಇದಕ್ಕೆ ಸೇರಿಸುತ್ತೇನೆ. 1984ರಲ್ಲಿ ಡಿ ಸಿಟರ್ ಅನ್ನುವ ಡಚ್ ಎಂಜಿನಿಯರ್ ಐದರ ಲೆಕ್ಕ ಹೇಳಿದರು. ಕಟ್ಟುವಾಗ 1 ರೂಪಾಯಿ ಖರ್ಚು ಮಾಡಿ ಸರಿಯಾಗಿ ಮಾಡಬೇಕಾದ್ದನ್ನು ಬಿಟ್ಟರೆ ಹಾನಿ ಕಾಣುವ ಮೊದಲು ತಡೆಯಲು 5, ಶುರುವಾದ ಮೇಲೆ ರಿಪೇರಿಗೆ 25, ಪೂರ್ತಿ ಕೆಟ್ಟ ಮೇಲೆ 125. ಅಂಕಿ ಎಲ್ಲ ಕಡೆ ಹೀಗೇ ಕೂರುವುದಿಲ್ಲ, ಆದರೆ ಮೆಟ್ಟಿಲು ನಿಜ.

ಗಾರೆಕೈ
ಒಂದು ಜಗಳ ಎಬ್ಬಿಸಲಾ? ಇಷ್ಟೆಲ್ಲಕ್ಕೂ ಕಾರಣ ಸ್ವಂತ ಕೆಲಸಗಾರರನ್ನು ತೆಗೆದದ್ದು. ಮುಂಚೆ ದೊಡ್ಡ ಸರ್ಕಾರಿ ಕಟ್ಟಡಕ್ಕೆ ಒಬ್ಬ ಗಾರೆಯವ, ಒಬ್ಬ ಪ್ಲಂಬರ್, ಒಬ್ಬ ಬಡಗಿ ಇರುತ್ತಿದ್ದರು. ಈಗ ಎಲ್ಲ ಹೊರಗುತ್ತಿಗೆ. ನನಗೆ ಅದರಿಂದ ಲಾಭವೇ. ಆದರೂ ಹೇಳುತ್ತೇನೆ, ವರ್ಷಕ್ಕೊಮ್ಮೆ ಬದಲಾಗುವ ಗುತ್ತಿಗೆದಾರನಿಗೆ ಯಾವ ವಾಲ್ವ್ ಎಲ್ಲಿದೆ ಅಂತ ಹೇಗೆ ಗೊತ್ತಾಗಬೇಕು?

ತಾರಸಿತಾತ
ನಾನು ಪೂರ್ತಿ ಒಪ್ಪುವುದಿಲ್ಲ ಗಾರೆಯಣ್ಣ. ಆ ಸ್ವಂತ ಕೆಲಸಗಾರರಲ್ಲಿ ಅಧಿಕಾರಿಗಳ ಮನೆಯ ಬಾಗಿಲು ಕೂರಿಸುವುದರಲ್ಲೇ ಅರ್ಧ ಆಯುಸ್ಸು ಕಳೆದವರೂ ಇದ್ದರು. ಲಿಫ್ಟ್, ಜನರೇಟರ್, ಅಗ್ನಿ ವ್ಯವಸ್ಥೆ, ಇವಕ್ಕೆ ಹೊರಗಿನ ಪರಿಣತರೇ ಬೇಕು. ಆದರೆ ವಾಲ್ವ್ ಮಾತು ನಿಜ. ಕಟ್ಟಡದ ನೆನಪು ಗುತ್ತಿಗೆದಾರನ ಜೊತೆ ಮನೆಗೆ ಹೋಗಬಾರದು. ಒಂದು ದಪ್ಪ ಪುಸ್ತಕ ಇಟ್ಟು ಎಲ್ಲಿ ಅಗೆದರು, ಏನು ಸಿಕ್ಕಿತು, ಏನು ಹಾಕಿದರು ಅಂತ ಬರೆಸಿ. ಕಟ್ಟಿದಾಗಿನ ನಕ್ಷೆ ಸಿಕ್ಕರೆ ಚಿನ್ನ. ಆದರೆ ಸಿಗುವುದಿಲ್ಲ, ನನ್ನ ಅನುಭವ.

ಬೀಗದಕೈ
ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಮಳೆಯಲ್ಲಿ ಹತ್ತಿದೆ. ತಾರಸಿಯಲ್ಲಿ ಮೂರು ನೀರಿನ ಬಾಯಿ ಇದ್ದವು, ಎರಡು ಕಟ್ಟಿಕೊಂಡಿದ್ದವು. ಬಿಡಿಸಿದೆವು. ಎರಡು ಬಕೆಟ್ ಖಾಲಿಯಾದವು. ಮೂರನೆಯದು ಮಾತ್ರ ಹಾಗೇ ತುಂಬುತ್ತಿತ್ತು. ತಾರಸಿಯ ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು, ಅಲ್ಲಿ ಬಾಯಿಯೇ ಇಲ್ಲ.

ಮೊನ್ನೆ ಸುಮ್ನೆ ಗೊಂಚಲು ಹಿಡಿದು ಮೆಟ್ಟಿಲ ಕೆಳಗಿನ ಗೂಡಿಗೆ ಹೋದೆ. ಬಣ್ಣ ಬಳಿದು ಬಳಿದು ಗೋಡೆಯಂತೆ ಕಾಣುವ ಒಂದು ಚಿಕ್ಕ ಬಾಗಿಲು. ಒಂಬತ್ತನೇ ಬೀಗದಕೈಗೆ ತೆಗೆಯಿತು. ಒಳಗೆ ಪೊರಕೆ, ಒಡೆದ ಬಲ್ಬುಗಳು, ತಗಡಿನ ಕೊಳವೆ. ಕೊಳವೆಯೊಳಗೆ ಸುತ್ತಿಟ್ಟ ನಕ್ಷೆಗಳು. ತಾರಸಿತಾತ, ಸಿಕ್ಕಿತು! ತಾರಸಿಯ ಹಾಳೆಯಲ್ಲಿ ನೀರಿನ ಬಾಯಿ ನಾಲ್ಕು ಇವೆ. ನಾಲ್ಕನೆಯದು ಸರಿಯಾಗಿ ಆ ಮೂಲೆಯಲ್ಲೇ.

ಗಾರೆಕೈ
ಪದರದ ಕೆಳಗೆ ಹೂತುಹೋಗಿದೆ. ನಾನು ಆಣೆ ಹಾಕಿ ಹೇಳುತ್ತೇನೆ.

ಬೀಗದಕೈ
ಹೌದು. ನಿನ್ನೆ ಅಗೆಸಿದೆ. ಎರಡು ಪದರದ ಕೆಳಗೆ ಕಬ್ಬಿಣದ ಜಾಲರಿ ಸಮೇತ ಇತ್ತು. ಅಗೆಯುವುದು, ಇಳಿಸುವುದು, ಸಾಗಿಸುವುದು, ಮೂರೂ ಬರೆಸಿದ್ದೆ ಅಣ್ಣ. ಸುತ್ತಲಿನ ಪದರ ಇಳಿಜಾರು ಮಾಡಿಸಬೇಕು, ಅಂದಾಜು ಪಟ್ಟಿ ಕಪಾಟಿನಲ್ಲಿದೆ. ಕಡತಗಳಲ್ಲಿ ಅರ್ಧ ಕೆಳಗಿಳಿದಿವೆ. ಎಂಜಿನಿಯರ್ ಬಂದು ತೊಲೆಯ ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ, ದಿನಾಂಕ ಬರೆದು ಹೋಗಿದ್ದಾರೆ. ಬಿರುಕು ಹಿಗ್ಗಿದರೆ ಪಟ್ಟಿ ಒಡೆಯುತ್ತದಂತೆ, ಇನ್ನೂ ಒಡೆದಿಲ್ಲ. ಬಣ್ಣ ಹೊಡೆಸಿಲ್ಲ, ಅದಕ್ಕೆ ಬೈಸಿಕೊಂಡೂ ಆಯಿತು.

ದಾಸ್ತಾನು ಪುಸ್ತಕದಿಂದ ಮೂರು ಬಕೆಟ್ ತೆಗೆಯಲು ಯಾವ ನಮೂನೆಯಲ್ಲಿ ಅರ್ಜಿ ಹಾಕಬೇಕು, ಯಾರಿಗಾದರೂ ಗೊತ್ತಾ?

ಲೆಕ್ಕದಪುಟ
ತೆಗೆಯಬೇಡಿ. "ನೆಲ ಒರೆಸುವ ಬಕೆಟ್" ಅಂತ ಹೆಸರು ಬದಲಿಸಿ, ಪಕ್ಕದಲ್ಲಿ ಸಹಿ ಹಾಕಿ. ಅದು ಬೇಗ ಆಗುತ್ತದೆ.

ಎಳೆತಂತಿ
ಮತ್ತೆ ಉಳಿದ 14 ಬೀಗದಕೈ?

ಬೀಗದಕೈ
ಒಂದೊಂದಕ್ಕೂ ಚೀಟಿ ಕಟ್ಟಿದ್ದೇನೆ. ಈ ಬಾಗಿಲಿನದ್ದಲ್ಲ, ಆ ಬಾಗಿಲಿನದ್ದಲ್ಲ ಅಂತ ಬರೆಯುತ್ತಾ ಹೋಗುತ್ತಿದ್ದೇನೆ. ಇವತ್ತು ಪಂಪ್ ಮನೆ ಕಡೆ ಹೋಗಬೇಕು.